ಜಾಗಟೆ ಬಾರಿಸದ ಅಪರಾಧ

ಸಾಯ್‌ಕಾಂಗ್ ನದಿಯ ಕಾವಲು ದೋಣಿಯಲ್ಲಿ ಮಾಕ್ ಸೂಯಿಗೆ ಇದ್ದದ್ದು ಒಂದೇ ಕೆಲಸ, ಜಾಗಟೆ ಬಾರಿಸುವುದು. ಅವನಪ್ಪನೂ ಅದನ್ನೇ ಬಾರಿಸಿ ಕಿವುಡನಾಗಿ ಸತ್ತಿದ್ದ. ಸರ್ಕಾರ ಕೊಡುವ ಅಕ್ಕಿಯಲ್ಲಿ ಮಾಕ್, ಹೆಂಡತಿ ಆಗನ್, ಮುದಿ ಅತ್ತೆ ಗಂಜಿ ಕಾಣುತ್ತಿದ್ದರು. ಆ ಕೆಲಸ ಹೋದರೆ ಒಲೆಯಲ್ಲಿ ಬೆಕ್ಕು ಮಲಗುವುದು ಖಂಡಿತವಾಗಿತ್ತು.

ಜಾಗಟೆ ಕೇಳಿದರೆ ಕಳ್ಳರು ಜೊಂಡಿನೊಳಗೆ ಸರಿಯುತ್ತಿದ್ದರು. ಕಾವಲು ದೋಣಿ ದಾಟಿದ ಮೇಲೆ ಹೊರಗೆ ಬಂದು ತಮ್ಮ ಕಸುಬು ನೋಡಿಕೊಳ್ಳುತ್ತಿದ್ದರು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ.

ಇದು ಒಗ್ಗದವನು ಇಂಗ್ಲಿಷ್ ಕಾನ್ಸಲ್ ದೊರೆ ಒಬ್ಬನೇ. ತನ್ನವರ ರೇಷ್ಮೆ ದೋಣಿ ಲೂಟಿಯಾದದ್ದೇ ತಡ, ಫಿರಂಗಿ ಹಡಗನ್ನು ನದಿ ಕಾವಲಿನ ಅಮಲ್ದಾರರ ಕಚೇರಿಯ ಎದುರಿಗೇ ತಂದು ನಿಲ್ಲಿಸಿದ. ನದಿ ಕಾಯಲು ನಿಮಗೆ ಬಾರದಿದ್ದರೆ ನಾವೇ ಕಾಯುತ್ತೇವೆ ಎಂದು ಅಮಲ್ದಾರರಿಗೆ ಹೇಳಿದ. ಜಾಗಟೆ ಬಾರಿಸಿಕೊಂಡು ಕಳ್ಳರನ್ನು ಹಿಡಿಯುವುದುಂಟೇ ಎಂದು ನಕ್ಕ. ಅವನ ಹಡಗು ಬಂದದ್ದೂ ಮೂರೂರಿಗೆ ಕೇಳುವಂತೆ ಕೂಗುತ್ತಲೇ. ಆದರೆ ಫಿರಂಗಿ ಇದ್ದವನ ಸದ್ದಿನಲ್ಲಿ ತಪ್ಪು ಹುಡುಕುವವರಾರು? ಅಮಲ್ದಾರರು ಅಂದೇ ಜಾಗಟೆ ನಿಲ್ಲಿಸಿದರು.

ಮರುದಿನ ಬೆಳಗ್ಗೆ ದಟ್ಟ ಮಂಜು. ಮಾಕ್ ಕೈಕಟ್ಟಿ ಕೂತಿದ್ದ. ಇದ್ದಕ್ಕಿದ್ದಂತೆ ಕಳ್ಳರು ದೋಣಿಗೆ ಧುಮುಕಿ, ಬಂದೂಕು, ಅಕ್ಕಿ, ಕೊನೆಗೆ ಒಣಮೀನಿನ ಬುಟ್ಟಿಯನ್ನೂ ಬಾಚಿಕೊಂಡರು. ಅವರ ನಾಯಕ ಮಾಕ್‌ನ ಗುರುತು ಹಿಡಿದು ನಿಜವಾಗಿಯೂ ಪೇಚಾಡಿದ.

"ಏನಣ್ಣ ನೀನು, ಒಂದೇಟು ಜಾಗಟೆ ಹೊಡೀಬಾರ್ದಿತ್ತಾ? ಸರ್ಕಾರಿ ದೋಣಿ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?"

ಹಾಗೆಂದು ಬಂದೂಕುಗಳನ್ನೇನೂ ಹಿಂದಕ್ಕೆ ಕೊಡಲಿಲ್ಲ.

ಸುದ್ದಿ ಕೇಳಿ ದೊರೆ ಕೆಂಡವಾದ. ಸಂಜೆಯೊಳಗೆ ಯಾರಿಗಾದರೂ ಶಿಕ್ಷೆಯಾಗಲೇಬೇಕೆಂದು ಪಟ್ಟು ಹಿಡಿದ. ಅಮಲ್ದಾರರು ಮಾಕ್‌ನನ್ನು ಕರೆಸಿ, ಜಾಗಟೆ ಯಾಕೆ ಬಾರಿಸಲಿಲ್ಲವೆಂದು ಗದರಿದರು.

"ತಾವೇ ಬೇಡ ಅಂದ್ರಲ್ಲ ಬುದ್ಧಿ."

"ದೊರೆ ಕೇಳಿಸ್ಕೊಳ್ಳಲಿ ಅಂತ ನಾನು ಅಂದೆ ಕಣೋ. ನಾನು ಅಂದೆ ಅಂತ ನೀನು ನಿಲ್ಲಿಸಿಬಿಡೋದಾ?"

ಮಾಕ್‌ನದು ಅಪ್ಪನ ಕಾಲದಿಂದ ಹೇಳಿದ್ದನ್ನು ಕೇಳಿಯೇ ಬದುಕಿದ ಮನೆ. ಕಚೇರಿಯ ಬಾಗಿಲ ಬಳಿ ಅವನನ್ನು ಕೂರಿಸಿ, ಅಪರಾಧಿಗಳಿಗೆ ಹಾಕುವ, ನಡುವೆ ತೂತಿದ್ದ ಮೇಜಿನಷ್ಟಗಲದ ಮರದ ಹಲಗೆಯನ್ನು ಕೊರಳಿಗೆ ತೊಡಿಸಿದರು. ಇವನು ಕಳ್ಳನೇ ಎಂದು ದೊರೆ ಕೇಳಿದ. ದುಭಾಷಿಗೂ ಮನೆಗೆ ಹೋಗುವ ಅವಸರವಿತ್ತು, ಹೌದೆಂದ. ದೊರೆ ಸಮಾಧಾನಗೊಂಡು ಹಡಗು ತಿರುಗಿಸಿದ. ಅಮಲ್ದಾರರ ಕುರ್ಚಿ ಉಳಿಯಿತು.

ಹಲಗೆ ತೊಟ್ಟವನ ಕೈ ಬಾಯಿಗೆ ಎಟುಕುವುದಿಲ್ಲ. ಆಗನ್ ಮಡಕೆ ಕೆರೆದು ತಂದ ಗಂಜಿಯನ್ನು ಅವನ ಬಾಯಿಗಿಟ್ಟಳು. ನಿನಗೂ ಅತ್ತೆಗೂ ಉಳಿದಿದೆಯೇ ಎಂದು ಅವನು ಕೇಳಿದ.

"ಮಾತಾಡ್ದೆ ಉಣ್ಣು," ಎಂದಳು ಅವಳು. "ಜಾಗಟೆ ಬಾರಿಸೋಕೆ ನಿನ್ ಜಾಗಕ್ಕೆ ಆಗ್ಲೇ ಅಮಲ್ದಾರರ ಭಾಮೈದ ಬಂದಾಯ್ತು."