ಕೊನೇ ಹಾಡು ಯಾವುದು

ಸರಸ್ವತಿಪುರಂನಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದವರೊಬ್ಬರು, ಮಗಳು ಮನೆ ಬಿಟ್ಟು ಹೋದಮೇಲೆ ಅವಳ ಕ್ಯಾಸೆಟ್‌ಗಳನ್ನು ತಂದು ಅಲ್ಲೇ ಟೇಪ್‌ರೆಕಾರ್ಡರಿನಲ್ಲಿ ಹಾಕಿ ಕೇಳುತ್ತಿದ್ದರು. ಒಬ್ಬಳೇ ಪಾಪ್ ಗಾಯಕಿಯ ಮೂರು ಆಲ್ಬಂ. ಮೂರೂ ಸೇರಿ ಒಂದೇ ಕಥೆ ಎಂಬುದು ಅವರ ವಾದ: ಹುಡುಗಿ ಮನೆ ಬಿಡುತ್ತಾಳೆ, ಅಲೆಯುತ್ತಾಳೆ, ಮನೆಯ ಬಾಗಿಲು ತಟ್ಟುತ್ತಾಳೆ, ಕೊನೆಗೆ ಮತ್ತೆ ರೈಲು ಹತ್ತುತ್ತಾಳೆ. ಒಪ್ಪದವರಿಗೆ ಬಿಲ್ಲು ಹರಿದುಕೊಡುತ್ತಾ, "ಕೊನೇ ಹಾಡು ಕೇಳಿ ಆಮೇಲೆ ಮಾತಾಡಿ ಕಣ್ರೀ" ಅನ್ನುತ್ತಿದ್ದರು.

ದಿನಾ ಫೋನು ಮಾಡಲು ಅಲ್ಲಿಗೆ ಹೋಗುತ್ತಿದ್ದ ನನ್ನ ಬಳಿಯೂ ಮೂರನೆಯ ಆಲ್ಬಂ ಇತ್ತು. ಒಂದು ದಿನ ತಡೆಯಲಾಗದೆ ಹೇಳಿಬಿಟ್ಟೆ: "ಸಾರ್, ನಿಮ್ಮ ಕ್ಯಾಸೆಟ್ಟಿಗೆ ಎ ಸೈಡು, ಬಿ ಸೈಡು ಚೀಟಿ ಅದಲುಬದಲಾಗಿ ಅಂಟಿಸ್ಬುಟ್ಟಿದಾರೆ. ರೈಲು ಹತ್ತೋದು ಮೊದಲು. ಬಾಗಿಲು ತಟ್ಟೋದೇ ಕೊನೇ ಹಾಡು."

ಅವರು ಕ್ಯಾಸೆಟ್ ತಿರುಗಿಸಿ ಹಾಕಿ ಪೂರ್ತಿ ಕೇಳಿದರು. ಆಮೇಲೆ ನನ್ನನ್ನು ಕೌಂಟರಿನಲ್ಲಿ ಕೂರಿಸಿ, ಗಾಜಿನ ಬೂತಿನೊಳಗೆ ಹೋದರು. ಮಗಳ ನಂಬರು ಒತ್ತಲು ಅವರಿಗೆ ಡೈರಿ ಬೇಕಾಗಲಿಲ್ಲ.