ಏಳನೇ ಕಲ್ಲು ಮುಟ್ಟುವಷ್ಟರಲ್ಲಿ

ಬೆಳಗಿನ ಐದೂವರೆ. ನೇಪಾಳದ ಜೋಮ್ಸೋಮ್ ರನ್‌ವೇ ಮೇಲೆ ಎರಡು ಹೇಸರಗತ್ತೆಗಳು ಅಪ್ಪನ ಮನೆಯ ಅಂಗಳದಲ್ಲಿ ನಿಂತಂತೆ ನಿಂತಿವೆ. ವಿಮಾನ ನಿಲ್ದಾಣದ ಕೆಲಸಗಾರ್ತಿ ಓಂಕುಮಾರಿ ಗೌಚನ್ ಅವುಗಳ ಒಡೆಯನ ವಂಶವನ್ನೆಲ್ಲ ಜಾಲಾಡುತ್ತ, ಪೊರಕೆ ಬೀಸಿ ಬೇಲಿಯಾಚೆ ಅಟ್ಟುತ್ತಾರೆ. ಆಮೇಲೆ ಸೈರನ್ ಕೆಲಸ. ಪೊಖರಾದಲ್ಲಿ ವಿಮಾನ ಎದ್ದಿತೆಂದು ಊರಿಗೆ ತಿಳಿಯುವುದೇ ಇವರ ಕೈಯಿಂದ.

ಹತ್ತೊಂಬತ್ತು ವರ್ಷದಿಂದ ಇದೇ ಕಾಯಕ. ಪೊಖರಾ ಇಲ್ಲಿಂದ ರಸ್ತೆಯಲ್ಲಿ ನೂರೈವತ್ತು ಕಿಲೋಮೀಟರಿಗೂ ಮೇಲೆ. ಬಸ್ಸಿನಲ್ಲಿ ಹತ್ತು ಗಂಟೆ ಮೈಯೆಲ್ಲ ಕುಲುಕಿಸಿಕೊಳ್ಳಬೇಕು. ವಿಮಾನಕ್ಕೆ ಇಪ್ಪತ್ತೇ ನಿಮಿಷ, ಆದರೆ ಹಿಮಪರ್ವತಗಳ ನಡುವಿನ ಕಣಿವೆಯಲ್ಲಿ ನುಸುಳಿ ಬರಬೇಕು. ಹೊತ್ತೇರಿದರೆ ಗಾಳಿ ಬಿಡುವುದಿಲ್ಲ. ದಿನದ ಐದಾರು ವಿಮಾನಗಳೂ ಹನ್ನೊಂದರೊಳಗೆ ಬಂದು ಹೋಗಬೇಕು.

ಆ ಇಪ್ಪತ್ತು ನಿಮಿಷ ಓಂಕುಮಾರಿ ಗಡಿಯಾರ ನೋಡುವುದಿಲ್ಲ. ನೋಡಿದರೆ ಮುಳ್ಳು ನಿಂತೇ ಬಿಡುತ್ತದಂತೆ. ಸೈರನ್ ಆದೊಡನೆ ಬೇಲಿ ಪಕ್ಕದ ಹಾದಿಯ ಮರಳು ಗುಡಿಸತೊಡಗುತ್ತಾರೆ. ಹಾದಿಯಂಚಿಗೆ ಸಾಲಾಗಿ ಸುಣ್ಣ ಬಳಿದ ಕಲ್ಲುಗಳಿವೆ; ಏಳನೇ ಕಲ್ಲು ಮುಟ್ಟುವಷ್ಟರಲ್ಲಿ ಕಣಿವೆಯಿಂದ ಸದ್ದು ಬರಬೇಕು. ಒಮ್ಮೆ ಬರಲಿಲ್ಲ. ಗಾಳಿಗೆ ವಿಮಾನ ಅರ್ಧದಲ್ಲೇ ಹಿಂದಿರುಗಿತ್ತು, ಸುದ್ದಿ ತಲುಪಲು ಒಂದು ತಾಸು ಹಿಡಿಯಿತು. ಅಂದು ಅದೇ ಹಾದಿಯನ್ನು ಮೂರು ಸಲ ಗುಡಿಸಿದರು.

"ಅವತ್ತು ಹೊಕ್ಕ ಹೆದರಿಕೆ ಇನ್ನೂ ಹೊಟ್ಟೆಯೊಳಗೇ ಕೂತಿದೆ," ಎನ್ನುತ್ತಾರೆ.

ಇವತ್ತಿನ ಮೊದಲ ವಿಮಾನದಲ್ಲಿ ಮಗಳು ಬಿಮಲಾ ಇದ್ದಾಳೆ, ಮಡಿಲಲ್ಲಿ ಮೂರು ತಿಂಗಳ ಕೂಸು. ಬಸ್ಸಿಗೇ ಬರುತ್ತೇನೆ ಎಂದವಳಿಗೆ, ಹಸುಗೂಸನ್ನು ಆ ರಸ್ತೆಯಲ್ಲಿ ಕುಲುಕಿಸಬೇಡ, ಇಪ್ಪತ್ತು ನಿಮಿಷದ ಮಾತು ಎಂದು ಬುದ್ಧಿ ಹೇಳಿದವರು ಇವರೇ.

ಸೈರನ್ ಆಗುತ್ತದೆ. ಪೊರಕೆ ಹೊರಡುತ್ತದೆ. ಮೂರನೇ ಕಲ್ಲು, ಐದನೇದು, ಏಳನೇದು. ಸದ್ದಿಲ್ಲ. ಕಿವಿಗೊಟ್ಟರೂ ನದಿಯ ಸದ್ದಷ್ಟೇ ಕೇಳುತ್ತದೆ. ಓಂಕುಮಾರಿ ಪೊರಕೆ ಬಿಟ್ಟು ಕಲ್ಲಿನ ಮೇಲೆ ಕೂರುತ್ತಾರೆ. ನಾನೇ ಕೈಯಾರೆ ಹತ್ತಿಸಿದೆನಲ್ಲ ಎಂದು ಗೊಣಗುತ್ತಾರೆ. ಗೇಟಿನ ಕಾವಲುಗಾರ ಹರ್ಕ ಥಾಪಾ ಓಡಿಬಂದು ಕೈಗಡಿಯಾರ ತೋರಿಸುತ್ತಾನೆ.

"ದೀದಿ, ಇನ್ನೂ ಹನ್ನೊಂದೇ ನಿಮಿಷ ಆಗಿರೋದು. ಇವತ್ತು ನೀವು ಗುಡಿಸಿದ್ರೋ, ಓಡಿದ್ರೋ?"

ತಿರುಗಿ ನೋಡಿದರೆ ಹಾದಿಯ ತುಂಬ ಮರಳು ಹಾಗೇ ಬಿದ್ದಿದೆ. ಬೇರೆ ದಿನವಾಗಿದ್ದರೆ ಹರ್ಕನಿಗೆ ಸರಿಯಾಗಿ ಬೈಗುಳ ಬೀಳುತ್ತಿತ್ತು. ಇಂದು ಮತ್ತೆ ಮೊದಲನೇ ಕಲ್ಲಿಗೆ ಹೋಗಿ, ನಿಧಾನ ಗುಡಿಸುತ್ತಾರೆ. ನಾಲ್ಕನೇ ಕಲ್ಲಿನ ಹತ್ತಿರ ಸದ್ದು ಕೇಳಿಸುತ್ತದೆ.

ವಿಮಾನ ಇಳಿದರೂ ಓಡಿಹೋಗುವಂತಿಲ್ಲ. ರೆಕ್ಕೆಯ ಪ್ರೊಪೆಲ್ಲರ್ ತಿರುಗುವುದು ನಿಲ್ಲುವವರೆಗೆ ಕೈ ಚಾಚಿ ಜನರನ್ನು ತಡೆಯುವುದೂ ಇವರದೇ ಕೆಲಸ. ಅದು ನಿಂತ ಮೇಲಷ್ಟೇ ಕೂಸು ಅಜ್ಜಿಯ ತೋಳಿಗೆ ಬರುತ್ತದೆ, ಗಾಢ ನಿದ್ದೆಯಲ್ಲಿ.

ಬಿಮಲಾ ಅಮ್ಮನ ಬಿಳಿಚಿದ ಮುಖ ನೋಡಿ, ವಾಪಸ್ ಹೋಗುವಾಗ ಬಸ್ಸಿಗೇ ಹೋಗುತ್ತೇನೆ ಬಿಡು ಎನ್ನುತ್ತಾಳೆ.

"ಬೇಡ ಮಗಳೇ, ವಿಮಾನಕ್ಕೇ ಹೋಗು. ಇಪ್ಪತ್ತು ನಿಮಿಷ ಹೆದರೋದು ನಂಗೆ ರೂಢಿ ಆಗಿದೆ. ಹತ್ತು ಗಂಟೆ ಹೆದರೋದು ನನ್ನ ಕೈಲಾಗಲ್ಲ."