ನಾಲ್ವರದೂ ಒಂದೇ ಮೇಜರ್

೧೯೯೭, ಜುಲೈ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಕೂಡ್ಲಿಗಿಯ ಬಾಡಿಗೆ ಕಟ್ಟಡವೊಂದರಲ್ಲಿ ನಡೆಯುತ್ತಿದ್ದ ನಮ್ಮ ಸಣ್ಣ ಕಾಲೇಜಿನ ಕಚೇರಿಯಲ್ಲಿ ಇದ್ದವರು ಅಧೀಕ್ಷಕಿಯಾದ ನಾನು, ಭೂಗೋಳದ ಮೇಷ್ಟ್ರು, ಜವಾನ. ಕಿಟಕಿಯಾಚೆ ನಾಲ್ಕು ಹುಡುಗಿಯರು.

ಬಿ.ಎ. ಮೂರನೇ ವರ್ಷದವರು ಮೇಜರ್ ವಿಷಯ ಬರೆದುಕೊಡಲು ಅಂದು ಕಡೆಯ ದಿನ. ಮೊದಲೆರಡು ವರ್ಷ ಮೂರು ಐಚ್ಛಿಕ ವಿಷಯ ಓದಬೇಕು. ಮೂರನೇ ವರ್ಷಕ್ಕೆ ಒಂದನ್ನು ಬಿಟ್ಟು, ಉಳಿದೆರಡರಲ್ಲಿ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಎಂದು ಆರಿಸಬೇಕು. ಎಂ.ಎ. ಸೀಟು ಮೇಜರ್ ವಿಷಯದಲ್ಲಿ ಮಾತ್ರ. ಸಂಜೆ ಐದರವರೆಗೆ ಬದಲಾವಣೆಗೆ ಅವಕಾಶ. ಆಮೇಲೆ ಯಾರು ಬಂದು ಕೇಳಿದರೂ ಇಲ್ಲ. ಪಟ್ಟಿ ಹಿಡಿದು ಜವಾನ ಅದೇ ಸಂಜೆ ವಿಶ್ವವಿದ್ಯಾಲಯಕ್ಕೆ ಬಸ್ಸು ಹತ್ತಬೇಕು.

ಆ ನಾಲ್ವರು ಕಾನಹೊಸಹಳ್ಳಿಯಾಚೆ, ಹೆದ್ದಾರಿಯಿಂದ ಒಳಗಿದ್ದ ಒಂದು ಹಳ್ಳಿಯವರು. ಆ ಊರಿನಿಂದ ಕಾಲೇಜು ಹತ್ತಿದ ಮೊದಲ ಹೆಣ್ಣುಮಕ್ಕಳು. ಊರವರ ಷರತ್ತು ಒಂದೇ: ಹೋಗುವಾಗಲೂ ನಾಲ್ವರು, ಬರುವಾಗಲೂ ನಾಲ್ವರು. ಅದಕ್ಕಾಗಿ ಸೇರುವಾಗಲೇ ನಾಲ್ವರೂ ಇತಿಹಾಸ, ಭೂಗೋಳ, ಕನ್ನಡ ತೆಗೆದುಕೊಂಡಿದ್ದರು. ಒಬ್ಬಳಿಗೆ ಜ್ವರ ಬಂದರೆ ಹಾಜರಿಯಲ್ಲಿ ನಾಲ್ವರೂ ಗೈರು.

ಅರ್ಜಿಗಳನ್ನು ತೆಗೆದುಕೊಂಡೆ. ನಾಲ್ಕರಲ್ಲೂ ಮೇಜರ್ ಕನ್ನಡ, ಮೈನರ್ ಇತಿಹಾಸ. ನಾಲ್ಕೂ ಒಂದೇ ಕೈಬರಹ.

"ಬರೆದವರು ಯಾರು?"

"ನಾನ್ರಿ," ಎಂದಳು ಎತ್ತರದ ಹುಡುಗಿ. "ಇವರು ಬರದ್ರ ಚಿತ್ತು ಮಾಡ್ತಾರ್ರಿ."

ಮೇಷ್ಟ್ರು ಪಕ್ಕದವಳನ್ನು ಮಾತಿಗೆ ಹಿಡಿದರು. ಎರಡು ವರ್ಷವೂ ಭೂಗೋಳದಲ್ಲಿ ಕಾಲೇಜಿಗೇ ಮೊದಲು ಬಂದವಳು ಅವಳು.

"ಏನವ್ವ, ಭೂಗೋಳ ಬಿಟ್ಟ ಬಿಟ್ಟೀ?"

"ಮೇಜರ್ ತಗೊಂಡ್ರ ಮಧ್ಯಾಹ್ನ ಪ್ರಾಕ್ಟಿಕಲ್ ಐತ್ರಿ ಸರ್. ನಮ್ಮೂರ ಬಸ್ಸು ಎರಡಕ್ಕ ಹೋಗಿಬಿಡ್ತೈತಿ."

"ಬಸ್ಸಿನ ಮಾತು ಬಿಡು. ನಿನಗೇನು ಬೇಕು?"

"ಭೂಗೋಳ ಬೇಕ್ರಿ."

ಎತ್ತರದವಳು ಗರಕ್ಕನೆ ತಿರುಗಿದಳು. "ಲೇ, ನಮ್ಮ ಮಾತೇನಾಗಿತ್ತು? ನೀ ಒಬ್ಬಾಕಿ ಹಿಂದ ಉಳಿದ್ರ ನಾಳಿಂದ ನಾಲ್ಕೂ ಮಂದಿ ಮನ್ಯಾಗ ಕುಂದ್ರಬೇಕಾಕ್ಕತಿ!"

ಅವಳು ಹೇಳಿದ್ದು ಸುಳ್ಳಲ್ಲ. ಉಳಿದ ಮೂವರ ಅರ್ಜಿ ದಾಖಲಿಸಿದೆ. ನಾಲ್ಕನೆಯದನ್ನು ಪೇಪರ್‌ವೇಟಿನ ಕೆಳಗಿಟ್ಟೆ. ಹೀಗಾಗಬಹುದೆಂದು ಮೇಷ್ಟ್ರು ಶನಿವಾರವೇ ಬಸ್ ಕಂಡಕ್ಟರನ ಮೂಲಕ ಅವಳಪ್ಪನಿಗೆ ಹೇಳಿ ಕಳಿಸಿದ್ದರಂತೆ. ಅವರು ಬರಲಿ ಎಂದೆ.

ಒಂದೂವರೆಗೆ ಊರಿನ ಬಸ್ಸಿನಲ್ಲಿ ಅವಳಪ್ಪ ಬಂದರು. ಅದೇ ಬಸ್ಸು ಎರಡಕ್ಕೆ ಹೊರಳಿ ಊರಿಗೆ ಹೋಗುವುದು. ಕುರ್ಚಿಯ ತುದಿಗೆ ಕೂತು ಕೇಳಿದರು: "ಭೂಗೋಳ ಅಂದ್ರ ಏನ್ರಿ ಅದು?"

"ನೆಲ, ನೀರು, ಮಳಿ, ಬೆಳಿ, ಎಲ್ಲಾ ಬರ್ತೈತ್ರಿ," ಎಂದರು ಮೇಷ್ಟ್ರು.

"ಅದನ್ನ ಮನ್ಯಾಗ ನಾನ ಹೇಳಿಕೊಡ್ತಿದ್ನಲ್ರಿ," ಎಂದು ನಕ್ಕರು.

ನಗು ಕಂಡು ಮೇಷ್ಟ್ರಿಗೆ ಹುರುಪು ಬಂತು. "ಅಷ್ಟ ಅಲ್ರಿ ಯಜಮಾನ್ರ, ಟೂರೂ ಇರ್ತೈತಿ. ಕಾರವಾರ, ಸಮುದ್ರ! ಹುಡುಗ್ರು ಹುಡುಗೇರು ಎಲ್ಲಾ ಒಂದ ಬಸ್ಸಿನ್ಯಾಗ!"

ಅಪ್ಪ ಎದ್ದರು. "ನಡಿ ಮಗಳ, ಬಸ್ಸಿಗೆ ಹೊತ್ತಾತು."

"ಕುಂದ್ರಿ," ಎಂದೆ. "ಟೂರು ಕಡ್ಡಾಯ ಅಲ್ಲ. ಪ್ರಾಕ್ಟಿಕಲ್ ಮಾತ್ರ ಕಡ್ಡಾಯ."

"ನಾನೂ ಅದರ ಸುದ್ದಿನ ಹೇಳೋದ್ರಿ ಅಕ್ಕೋರ. ಸಂಜಿ ಹೆದ್ದಾರಿ ಬಸ್ಸಿಗೆ ಬಂದು, ಕ್ರಾಸಿನಾಗ ಇಳಿದು ಒಬ್ಬಾಕಿ ಬಂದ್ರ ಊರು ಸುಮ್ನಿರತೈತೇನ್ರಿ? ಉಳಿದ ಮೂರು ಮಂದಿ ಅಪ್ಪಂದಿರು ನನ್ನ ಮನಿ ಬಾಗ್ಲಿಗೆ ಬಂದು ನಿಂದರ್ತಾರ."

"ಅಪ್ಪಾ, ಇವತ್ತು ಬರಕೊಡಲಿಲ್ಲಂದ್ರ ಇದನ್ನ ಮುಂದ ಎಂದೂ ಓದಾಕ ಬರಂಗಿಲ್ಲ," ಎಂದಳು ಮಗಳು. ಅಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. ಅಷ್ಟರಲ್ಲಿ ಟೈಪಾಗಿ, ಪ್ರಿನ್ಸಿಪಾಲರು ಸಹಿಯನ್ನೂ ಮಾಡಿದ್ದ ಪಟ್ಟಿಯಲ್ಲಿ ಅವಳ ಸಾಲೊಂದೇ ಖಾಲಿ. ಹೊರಗೆ ಕಾಯುತ್ತಿದ್ದ ಇಬ್ಬರಲ್ಲಿ ಒಬ್ಬಳು ಕೂಗಿದಳು: "ಎರಡಕ್ಕ ಹತ್ತು ನಿಮಿಷ ಐತ್ರೇ!"

ಬಾಗಿಲಲ್ಲಿ ನಿಂತಿದ್ದ ಎತ್ತರದವಳು ಒಳಗೆ ಬಂದಳು. ಮುಖದಲ್ಲಿ ಸಿಟ್ಟು ಇನ್ನೂ ಇತ್ತು.

"ಕಾಕಾ, ನಾಲ್ಕು ಮಂದಿ ಕೂಡೇ ಬರ್ರಿ ಅಂತ ಹೇಳಿದ್ದು ಯಾಕ? ಒಬ್ಬಾಕಿ ಬರಬಾರದು ಅಂತ ಹೌದಿಲ್ಲೋ? ಇಬ್ರಿಬ್ರು ಬಂದ್ರ ಏನಾಕ್ಕತಿ? ಅವರಿಬ್ರು ಎರಡರ ಬಸ್ಸಿಗೆ ಬರಲಿ. ನಾನೂ ಭೂಗೋಳ ತಗೊಂಡು ಇಕಿ ಜೊತಿ ಬರ್ತೀನಿ."

ನಾವ್ಯಾರೂ ಹಾಗೆ ಯೋಚಿಸಿರಲಿಲ್ಲ. ಎರಡು ವರ್ಷದಿಂದ ಅವರನ್ನು ನಾಲ್ವರೆಂದೇ ಎಣಿಸಿ ನಮಗೂ ರೂಢಿಯಾಗಿತ್ತು.

"ಕನ್ನಡ ನಿನಗೇ ಬೇಕಿತ್ತಲ್ಲ?" ಎಂದೆ.

"ಬೇಕಿತ್ರಿ." ಮೇಜಿನ ಮೇಲಿದ್ದ ತನ್ನ ಅರ್ಜಿಯ ಕಡೆ ನೋಡಿದಳು. "ಮೈನರ್ ಆಗಿ ಇಟ್ಕೋಬಹುದಲ್ರಿ?"

"ಇಟ್ಟುಕೊಳ್ಳಬಹುದು. ಎಂ.ಎ.ಗೆ ಬರುವುದಿಲ್ಲ. ತಿಳಿದು ಹೇಳು."

"ತಿಳದ ಹೇಳಾಕತ್ತೀನ್ರಿ." ಗೆಳತಿಯ ಕಡೆ ತಿರುಗಿದಳು. "ಟೂರಿಗೆ ಮಾತ್ರ ನಾ ಹೋಗಾಕಿ. ಸಮುದ್ರ ನೋಡಿಲ್ಲ ನಾನು. ನೀ ಮನ್ಯಾಗ ಕುಂತು ನಕಾಶಿ ಬರಿ."

ಅಪ್ಪನ ಮುಖ ಸಡಿಲವಾಯಿತು. "ಸಮುದ್ರದ ಮಾತು ನಿಮ್ಮಪ್ಪನ ಕೂಡ ಆಡು. ಈ ಬಸ್ಸಿನ ಮಾತು ಅವಗ ನಾ ಹೇಳ್ತೀನಿ. ಪ್ರಾಕ್ಟಿಕಲ್ ಇದ್ದ ದಿನ ಕ್ರಾಸಿಗೆ ಒಮ್ಮೆ ನಾನು ಬರ್ತೀನಿ, ಒಮ್ಮೆ ಅವ ಬರಲಿ."

ಪಾಲಕರ ಸಹಿ ಬೇಕೆಂಬ ನಿಯಮವಿರಲಿಲ್ಲ. ಹಳೆಯ ಎರಡು ಅರ್ಜಿಗೆ ಅಡ್ಡಗೆರೆ ಎಳೆದು, ಹೊಸದು ಎರಡು ಕೊಟ್ಟೆ. ಈ ಸಲ ಇಬ್ಬರೂ ತಮ್ಮ ತಮ್ಮ ಅರ್ಜಿಯನ್ನು ತಾವೇ ಬರೆದರು. ಬರೆದವರೇ ಬಸ್ ನಿಲ್ದಾಣಕ್ಕೆ ಓಡಿದರು; ಅಪ್ಪ ಪಂಚೆ ಎತ್ತಿ ಹಿಡಿದು ಅವರ ಹಿಂದೆ.

ಪಟ್ಟಿ ಟೈಪು ಮಾಡಿಕೊಟ್ಟ ಟೈಪಿಸ್ಟ್ ಆಗಲೇ ಮನೆಗೆ ಹೋಗಿದ್ದ. ಕಾರ್ಬನ್ ಇಟ್ಟು ನಾನೇ ಅದನ್ನು ಮತ್ತೆ ಟೈಪು ಮಾಡಿದೆ. ಪ್ರಿನ್ಸಿಪಾಲರು ಗೊಣಗುತ್ತ ಎರಡನೇ ಸಲ ಸಹಿ ಮಾಡಿದರು. ಐದಕ್ಕೆ ಮುಂಚೆ ಲಕೋಟೆಗೆ ಅರಗು ಹಾಕಿ, ಮೊಹರು ಒತ್ತಿ, ಜವಾನನ ಕೈಗೆ ಕೊಟ್ಟೆ.